ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮನೆಯ ಕಂಪ್ಯೂಟರ್ ಕೆಲಸದ ನಡುವೆ ನೀಲಿ ಪರದೆ ತೋರಿಸಿ ನಿಂತುಬಿಟ್ಟರೆ, ಇಲ್ಲವೇ ಹೇಳದೆ ಕೇಳದೆ ಆಫ್ ಆಗಿ ತಾನೇ ಮತ್ತೆ ಆನ್ ಆದರೆ, ನೆಂಟರಿಷ್ಟರಿಂದ ಹಿಡಿದು ರಿಪೇರಿ ಅಂಗಡಿಯವರೆಗೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ‘ಒಂದ್ಸಲ ಫಾರ್ಮ್ಯಾಟ್ ಹೊಡೆಸಿಬಿಡಿ, ಸರಿಹೋಗುತ್ತೆ.’ ಕೆಲವೊಮ್ಮೆ ಸರಿಹೋಗುವುದೂ ಉಂಟು. ಆದರೂ ಅದನ್ನು ಮೊದಲ ಮದ್ದಾಗಿ ಬಳಸುವುದು ತಪ್ಪು. ಫಾರ್ಮ್ಯಾಟ್ ಮಾಡಿದರೆ ಬದಲಾಗುವುದು ಸಾಫ್ಟ್‌ವೇರ್ ಮಾತ್ರ. ರೋಗ ರ‍್ಯಾಮ್‌ನಲ್ಲೋ, ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ನಲ್ಲೋ, ಧೂಳು ಕಟ್ಟಿದ ಫ್ಯಾನಿನಲ್ಲೋ ಇದ್ದರೆ ಅದು ಇದ್ದಲ್ಲೇ ಇರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಸಾಲದ್ದಕ್ಕೆ, ಯಂತ್ರ ಯಾಕೆ ನಿಂತಿತೆಂದು ತಾನೇ ಬರೆದಿಟ್ಟುಕೊಂಡಿದ್ದ ದಾಖಲೆಯೂ ಅದರ ಜೊತೆಗೇ ಅಳಿಸಿಹೋಗುತ್ತದೆ.

ಅಷ್ಟಕ್ಕೂ ನೀಲಿ ಪರದೆ ಎಂದರೆ ಯಂತ್ರ ಸತ್ತಿತೆಂದಲ್ಲ. ವಿಂಡೋಸ್‌ನ ತಿರುಳಾದ ಕರ್ನಲ್, ತನ್ನ ಸ್ಮೃತಿಯಲ್ಲಿ ಇರಬಾರದ್ದೇನನ್ನೋ ಕಂಡಾಗ, ಹೀಗೆಯೇ ಮುಂದುವರಿದರೆ ಫೈಲುಗಳೂ ಕೆಟ್ಟಾವೆಂದು ಬೇಕೆಂದೇ ನಿಂತುಬಿಡುತ್ತದೆ. ಇತ್ತೀಚಿನ ವಿಂಡೋಸ್ 11ರಲ್ಲಿ ಆ ಪರದೆ ಕಪ್ಪಾಗಿದೆ, ಕೆಲಸ ಮಾತ್ರ ಅದೇ. ಗ್ರಾಫಿಕ್ಸ್ ಕಾರ್ಡ್‌ಗಳ ಡ್ರೈವರ್‌ಗಳು, ಆ್ಯಂಟಿವೈರಸ್‌ನ ಕೆಲವು ಭಾಗಗಳು ಈ ಕರ್ನಲ್‌ನ ಒಳಮನೆಯವರೆಗೂ ಹೋಗಬಲ್ಲವಾದ್ದರಿಂದ, ಅವುಗಳ ಸಣ್ಣ ತಪ್ಪೂ ಇಡೀ ಯಂತ್ರವನ್ನು ಬೀಳಿಸಬಲ್ಲದು. 2024ರ ಜುಲೈ 19ರಂದು ಆದದ್ದು ಅದೇ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳಿಸಿದ ಒಂದು ದೋಷದ ಫೈಲಿನಿಂದ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ನಿಂತ ಯಂತ್ರಗಳಿಗೆ ಸೂಚಿಸಿದ ಪರಿಹಾರ ಫಾರ್ಮ್ಯಾಟ್ ಆಗಿರಲಿಲ್ಲ. ಅಗತ್ಯ ಡ್ರೈವರ್‌ಗಳಷ್ಟೇ ಓಡುವ ಸೇಫ್ ಮೋಡ್‌ನಲ್ಲಿ ತೆರೆದು ಆ ಒಂದು ಫೈಲನ್ನು ಅಳಿಸಿದರೆ ಸಾಕಿತ್ತು. ಕಾರಣ ಗೊತ್ತಾದಲ್ಲಿ ಚಿಕಿತ್ಸೆ ಅಷ್ಟು ಚಿಕ್ಕದಾಗುತ್ತದೆ.

ಇನ್ನೊಂದು ಪಕ್ಕದ ಸಾಕ್ಷ್ಯ ಹಾರ್ಡ್‌ವೇರ್‌ನದು. ಮೈಕ್ರೋಸಾಫ್ಟ್‌ನ ಸಂಶೋಧಕರು 2011ರಲ್ಲಿ ಸುಮಾರು 10 ಲಕ್ಷ ಪಿಸಿಗಳ ವರದಿಗಳನ್ನು ಪರಿಶೀಲಿಸಿ ಕಂಡುಕೊಂಡದ್ದು: ಹಾರ್ಡ್‌ವೇರ್ ದೋಷದಿಂದ ಒಮ್ಮೆ ಕುಸಿದ ಯಂತ್ರ ಮತ್ತೊಮ್ಮೆ ಕುಸಿಯುವ ಸಂಭವ 100 ಪಟ್ಟಿನವರೆಗೂ ಏರುತ್ತದೆ. ಅಂದರೆ ಕೆಟ್ಟ ಬಿಡಿಭಾಗ ತಾನಾಗಿ ವಾಸಿಯಾಗದು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಕಥೆ ಇನ್ನೂ ಬೋಧಪ್ರದ. ಅವು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿದ್ದುದರಿಂದ ಕ್ರಮೇಣ ಹಾಳಾಗುತ್ತಿದ್ದವು. ಆದರೆ ಆಟಗಳು ಕುಸಿಯುವಾಗ ‘ವಿಡಿಯೋ ಮೆಮೊರಿ ಸಾಲದು’ ಎಂಬ ಸಂದೇಶ ಬರುತ್ತಿತ್ತು. ಅದನ್ನು ನಂಬಿದವರ ಅನುಮಾನವೆಲ್ಲ ಗ್ರಾಫಿಕ್ಸ್ ಕಾರ್ಡಿನ ಮೇಲೆ. ಕೊನೆಗೆ ಇಂಟೆಲ್ ಮದರ್‌ಬೋರ್ಡಿನ ಬಯೋಸ್ ಮೂಲಕ ತಿದ್ದುಪಡಿ ಕೊಟ್ಟು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಪರದೆಯ ಮೇಲಿನ ಮಾತು ಸುಳಿವೇ ಹೊರತು ತೀರ್ಪಲ್ಲ.

ಹಾಗಾದರೆ ಸುಳಿವುಗಳನ್ನು ತಾಳೆ ನೋಡುವುದು ಎಲ್ಲಿ? ಸ್ಟಾರ್ಟ್ ಮೆನುವಿನಲ್ಲಿ ‘ರಿಲಯಬಿಲಿಟಿ’ ಎಂದು ಹುಡುಕಿದರೆ ತೆರೆದುಕೊಳ್ಳುವ ರಿಲಯಬಿಲಿಟಿ ಮಾನಿಟರ್, ವಿಸ್ಟಾ ಕಾಲದಿಂದಲೂ ವಿಂಡೋಸ್‌ನಲ್ಲಿದೆ. ದಿನಕ್ಕೊಂದು ಕಂಬಸಾಲು, ಕುಸಿತವಾದ ದಿನಕ್ಕೆ ಕೆಂಪು ಗುರುತು, ಯಂತ್ರದ ಸ್ಥಿರತೆಗೆ 1ರಿಂದ 10ರವರೆಗೆ ಅಂಕ. ಹೊಸ ಡ್ರೈವರ್ ಅಥವಾ ಅಪ್‌ಡೇಟ್ ಬಂದ ದಿನವೂ ಅಲ್ಲೇ ಕಾಣುವುದರಿಂದ, ಕೆಂಪು ಗುರುತುಗಳು ಅದರ ಬೆನ್ನಿಗೇ ಶುರುವಾಗಿದ್ದರೆ ಅನುಮಾನ ಯಾರ ಮೇಲೆಂಬುದು ಸ್ಪಷ್ಟ. ಇನ್ನು ವಿಂಡೋಸ್‌ನದೇ ದಾಖಲೆಪಟ್ಟಿಯಾದ ಇವೆಂಟ್ ವ್ಯೂಯರ್‌ನಲ್ಲಿ ‘ಕರ್ನಲ್-ಪವರ್ 41’ ಎಂಬ ನಮೂದು ಸಿಕ್ಕರೆ, ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಯಿತೆಂದು ಅರ್ಥ. ಅದರ ವಿವರದಲ್ಲಿ ‘ಬಗ್‌ಚೆಕ್‌ಕೋಡ್’ ಎದುರು ಸೊನ್ನೆ ಇದ್ದರೆ ವಿಂಡೋಸ್‌ಗೆ ಕೊನೆಯ ಮಾತು ಬರೆಯಲೂ ಸಮಯ ಸಿಗಲಿಲ್ಲ. ಒಂದೋ ಕರೆಂಟ್ ತಪ್ಪಿದೆ, ಇಲ್ಲವೇ ಯಂತ್ರ ಪೂರ್ತಿ ಹ್ಯಾಂಗ್ ಆಗಿದೆ. ಆಗ ನೋಡಬೇಕಾದದ್ದು ಎಸ್‌ಎಂಪಿಎಸ್, ಯುಪಿಎಸ್ ಬ್ಯಾಟರಿ, ಸಡಿಲ ಪ್ಲಗ್. ನೀರಿನ ಮೋಟಾರ್ ಶುರುವಾಗುವ ಹೊತ್ತಿಗೂ ಆ ನಮೂದಿನ ಸಮಯಕ್ಕೂ ಹೊಂದಿಕೆಯಾದರೆ ವೋಲ್ಟೇಜ್ ಇಳಿತವನ್ನು ಶಂಕಿಸಬಹುದು. ಭಾರಿ ಆಟ ಆಡಿದ ಅರ್ಧ ಗಂಟೆಗೇ ನಿಲ್ಲುವುದಾದರೆ ಬಿಸಿಯನ್ನು ಶಂಕಿಸಬೇಕು: ಪ್ರೊಸೆಸರ್‌ಗಳು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ವೇಗ ತಗ್ಗಿಸುತ್ತವೆ, ಆಗಲೂ ತಣಿಯದಿದ್ದರೆ ತಮ್ಮ ರಕ್ಷಣೆಗೆ ಆಫ್ ಆಗುತ್ತವೆ.

ಅನುಮಾನ ಹುಟ್ಟಿದ ಮೇಲೆ ಪರೀಕ್ಷೆಗೆ ಒಂದೇ ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ಎಲ್ಲಕ್ಕಿಂತ ಮೊದಲು ಫೋಟೊ, ದಾಖಲೆಗಳನ್ನು ಬೇರೆ ಡಿಸ್ಕಿಗೆ ನಕಲಿಸಿಕೊಳ್ಳಬೇಕು, ಕೆಟ್ಟದ್ದು ಡಿಸ್ಕೇ ಆಗಿದ್ದರೆ ಮುಂದೆ ಅವಕಾಶ ಸಿಗಲಿಕ್ಕಿಲ್ಲ. ಸೇಫ್ ಮೋಡ್‌ನಲ್ಲಿ ಗಂಟೆಗಟ್ಟಲೆ ಸುಮ್ಮನೆ ನಡೆಯುವ ಯಂತ್ರ ಸಾಮಾನ್ಯ ಮೋಡ್‌ನಲ್ಲಿ ಬೀಳುತ್ತಿದ್ದರೆ ತಪ್ಪು ಬಹುಶಃ ಡ್ರೈವರಿನದು. ಅಲ್ಲಿಯೂ ಬಿದ್ದರೆ ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಬಹುದು. ಎರಡು ರ‍್ಯಾಮ್ ಇದ್ದರೆ, ಪವರ್ ತಂತಿ ತೆಗೆದು, ಒಂದೊಂದನ್ನೇ ಹಾಕಿ ನೋಡಬಹುದು. ರಿಪೇರಿಯವರು ರ‍್ಯಾಮ್‌ನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ಮೂಢನಂಬಿಕೆಯಲ್ಲ; ಅಲ್ಲಿ ಕೂತ ಕೊಳೆಯಿಂದ ಸಂಪರ್ಕ ತಪ್ಪುವುದುಂಟು. ಆದರೆ ರಬ್ಬರ್ ಉಜ್ಜಿ, ಡ್ರೈವರ್ ಬದಲಿಸಿ, ಫ್ಯಾನ್ ಒರೆಸಿ, ಎಲ್ಲವನ್ನೂ ಒಂದೇ ಸಂಜೆ ಮಾಡಿದರೆ ವಾಸಿಯಾದದ್ದು ಯಾವುದರಿಂದ ಎಂದು ತಿಳಿಯದು. ಮುಂದಿನ ಸಲ ಮತ್ತೆ ಮೊದಲಿನಿಂದ ಶುರು.

ಇಷ್ಟೆಲ್ಲ ರಾಮಾಯಣ ಯಾಕೆ, ಎರಡು ಗಂಟೆಯಲ್ಲಿ ಫಾರ್ಮ್ಯಾಟ್ ಮುಗಿಯುತ್ತದಲ್ಲ ಎಂಬ ಆಕ್ಷೇಪ ಸಹಜ. ವೈರಸ್ ಆಳವಾಗಿ ಹೊಕ್ಕಿದ್ದರೆ ಅದೇ ಸರಿಯಾದ ದಾರಿ ಎಂಬುದನ್ನೂ ಒಪ್ಪಬೇಕು. ಆದರೆ ಆ ಎರಡು ಗಂಟೆಯ ಲೆಕ್ಕದಲ್ಲಿ ನುಡಿ, ಟ್ಯಾಲಿ, ಪ್ರಿಂಟರ್ ಎಲ್ಲವನ್ನೂ ಮತ್ತೆ ಹಾಕಿ ಹೊಂದಿಸುವ ದಿನಗಳು ಸೇರಿಲ್ಲ. ಡಿ ಡ್ರೈವಿಗೆ ಸರಿಸಲು ಮರೆತ ಫೋಟೊಗಳಂತೂ ಲೆಕ್ಕಕ್ಕೇ ಸಿಗುವುದಿಲ್ಲ. ಕೋಡುಗಳನ್ನು ಓದುವುದು ಜನಸಾಮಾನ್ಯರಿಂದ ಆಗದು ಎನ್ನುವುದು ಎರಡನೆಯ ಆಕ್ಷೇಪ. ಅರ್ಥ ಬಿಡಿಸುವುದು ಬೇರೆ, ಬರೆದಿಟ್ಟುಕೊಳ್ಳುವುದು ಬೇರೆ. ನೀಲಿ ಪರದೆಯ ಫೋಟೊ ತೆಗೆಯಲು, ಎಷ್ಟು ಗಂಟೆಗೆ, ಯಾವ ಕೆಲಸದ ನಡುವೆ ನಿಂತಿತೆಂದು ಕ್ಯಾಲೆಂಡರಿನ ಮೇಲೆ ಗೀಚಲು ಯಾವ ತಾಂತ್ರಿಕ ವಿದ್ಯೆಯೂ ಬೇಡ. ಜ್ವರವೆಂದು ಹೋದರೆ ವೈದ್ಯರು ಮೊದಲು ಕೇಳುವುದು ಎಷ್ಟು ದಿನದಿಂದ, ಯಾವ ಹೊತ್ತಿನಲ್ಲಿ ಎಂದು. ಆ ಪ್ರಶ್ನೆಗೆ ಉತ್ತರವಿರುವ ಚೀಟಿಯೊಂದು ಕೈಯಲ್ಲಿದ್ದರೆ, ಅಂಗಡಿಯವನೂ ಫಾರ್ಮ್ಯಾಟ್ ಡಿಸ್ಕ್ ಹುಡುಕುವ ಮೊದಲು ಒಮ್ಮೆ ಅದರತ್ತ ನೋಡಿಯಾನು.