ನ್ಯೂಕ್ಲಿಯರ್ ಸ್ಕ್ಯಾನ್ ಮಾಡಿಸಿಕೊಂಡವರಿಂದ ತಿಂಗಳುಗಟ್ಟಲೆ ದೂರ ಇರಬೇಕೇ?

ಹೊಸದುರ್ಗ ತಾಲೂಕಿನ ಶ್ರೀರಾಂಪುರದ ನಿವೃತ್ತ ಸೈನಿಕರೊಬ್ಬರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇದೆ ಎಂದು ಗೊತ್ತಾಯಿತು ಎಂದುಕೊಳ್ಳೋಣ. ಅದು ಮೂಳೆಗೆ ಹರಡಿದೆಯೇ ಎಂದು ನೋಡಲು ವೈದ್ಯರು ಬೋನ್ ಸ್ಕ್ಯಾನ್ ಬರೆದುಕೊಡುತ್ತಾರೆ. ಚೀಟಿಯಲ್ಲಿ 'ನ್ಯೂಕ್ಲಿಯರ್ ಮೆಡಿಸಿನ್' ಎಂದಿದೆ. ಅಷ್ಟರಲ್ಲಿ ಮನೆಯವರ ವಾಟ್ಸಾಪ್ ಗುಂಪಿಗೆ ಫಾರ್ವರ್ಡ್ ಒಂದು ಬರುತ್ತದೆ: ಈ ಸ್ಕ್ಯಾನ್ ಮಾಡಿಸಿಕೊಂಡವರ ಮೈಯಿಂದ ತಿಂಗಳುಗಟ್ಟಲೆ ವಿಕಿರಣ ಹೊರಡುತ್ತದೆ, ಮಕ್ಕಳನ್ನು ಹತ್ತಿರ ಬಿಡಬೇಡಿ. ಮೊಮ್ಮಕ್ಕಳಿರುವ ಮನೆ. ಅಜ್ಜ ಸ್ಕ್ಯಾನೇ ಬೇಡ ಎಂದು ಕೂತರೆ, ಯಾವ ಚಿಕಿತ್ಸೆ ಕೊಡಬೇಕು ಎನ್ನುವುದೇ ವೈದ್ಯರಿಗೆ ತಿಳಿಯದಂತಾಗುತ್ತದೆ. ಹಾಗಾಗಿ ಈ ಮಾತಿನಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು ಎಂದು ನೋಡೋಣ.

ಈ ಸ್ಕ್ಯಾನ್‌ನಲ್ಲಿ ನಡೆಯುವುದೇನು?

ಎಕ್ಸ್‌ರೇಯಲ್ಲಿ ಯಂತ್ರವೇ ಕಿರಣ ಬಿಡುತ್ತದೆ. ಬೋನ್ ಸ್ಕ್ಯಾನ್‌ನಲ್ಲಿ ಹಾಗಲ್ಲ. ರಕ್ತನಾಳಕ್ಕೆ ಅತಿ ಅಲ್ಪ ಪ್ರಮಾಣದ ವಿಕಿರಣಶೀಲ ಔಷಧ ಕೊಡುತ್ತಾರೆ. ಮೂಳೆ ಎಲ್ಲಿ ಹೆಚ್ಚು ಚಟುವಟಿಕೆಯಿಂದ ಹೊಸದಾಗಿ ಕಟ್ಟಿಕೊಳ್ಳುತ್ತಿದೆಯೋ ಅಲ್ಲಿ ಆ ಔಷಧ ಹೆಚ್ಚು ಸೇರುತ್ತದೆ. ಎರಡು ಮೂರು ಗಂಟೆ ಬಿಟ್ಟು ಗಾಮಾ ಕ್ಯಾಮೆರಾ ಮೈಯಿಂದ ಬರುವ ಕಿರಣಗಳನ್ನು ಹಿಡಿದು ಚಿತ್ರ ಮಾಡುತ್ತದೆ. ಕ್ಯಾಮೆರಾ ತಾನಾಗಿ ಯಾವ ಕಿರಣವನ್ನೂ ಬಿಡುವುದಿಲ್ಲ.

ಇದಕ್ಕೆ ಬಳಸುವುದು ಟೆಕ್ನೀಷಿಯಂ-99ಎಂ. ಮಾಲಿಬ್ಡಿನಮ್-99 ತುಂಬಿದ ಸಣ್ಣ ಜನರೇಟರ್‌ನಿಂದ ಇದನ್ನು ಸಲೈನ್ ಹಾಯಿಸಿ ತೆಗೆಯುತ್ತಾರೆ. ಈ ಕೆಲಸಕ್ಕೆ ಆಸ್ಪತ್ರೆಯವರು 'ಹಾಲು ಕರೆಯುವುದು' ಎಂಬರ್ಥದ ಇಂಗ್ಲಿಷ್ ಮಾತನ್ನೇ ಬಳಸುತ್ತಾರೆ. ಇದರಲ್ಲಿ ಬಾಂಬಿನಂತೆ ಸಿಡಿಯುವಂಥದ್ದು ಏನೂ ಇಲ್ಲ.

ಮೈಯಲ್ಲಿ ಎಷ್ಟು ಹೊತ್ತು ಇರುತ್ತದೆ?

ಟೆಕ್ನೀಷಿಯಂ-99ಎಂ ಪ್ರತಿ 6 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. 12 ಗಂಟೆಗೆ ಕಾಲು ಭಾಗ, 24 ಗಂಟೆಗೆ ಹದಿನಾರನೇ ಒಂದು ಭಾಗ. ಇದರ ಜೊತೆಗೆ ಮೂತ್ರದಲ್ಲೂ ಸಾಕಷ್ಟು ಹೊರಗೆ ಹೋಗುತ್ತದೆ. ಚೆನ್ನಾಗಿ ನೀರು ಕುಡಿಯಿರಿ ಎಂದು ಹೇಳುವುದು ಇದಕ್ಕೇ. ಪೆಟ್ ಸ್ಕ್ಯಾನ್‌ನಲ್ಲಿ ಸಾಮಾನ್ಯವಾಗಿ ಬಳಸುವ ಫ್ಲೋರಿನ್-18 ಇನ್ನೂ ಬೇಗ, ಸುಮಾರು 110 ನಿಮಿಷಕ್ಕೆ ಅರ್ಧವಾಗುತ್ತದೆ. ಅಂದರೆ ಲೆಕ್ಕ ತಿಂಗಳುಗಳದ್ದಲ್ಲ, ಗಂಟೆಗಳದ್ದು.

ರೋಗಿಗೆ ತಗಲುವ ವಿಕಿರಣ ಎಷ್ಟು? ಒಂದು ಬೋನ್ ಸ್ಕ್ಯಾನ್‌ನಲ್ಲಿ ಸುಮಾರು 4ರಿಂದ 5 ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶ, ಆಹಾರದಿಂದ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ಸಿಗುತ್ತದೆ. ಅಂದರೆ ಸುಮಾರು ಎರಡು ವರ್ಷದ ಸಹಜ ವಿಕಿರಣಕ್ಕೆ ಸಮ. ಪಕ್ಕದಲ್ಲಿ ಕೂತವರಿಗೆ ಸಿಗುವುದು ಇದರ ಒಂದು ಸಣ್ಣ ಪಾಲು ಮಾತ್ರ.

ಹಾಗಾದರೆ ಈ ಭಯ ಬಂದದ್ದು ಎಲ್ಲಿಂದ?

ಸ್ಕ್ಯಾನ್ ಬೇರೆ, ಚಿಕಿತ್ಸೆ ಬೇರೆ. ಥೈರಾಯ್ಡ್ ಕ್ಯಾನ್ಸರ್‌ಗೆ ಕೊಡುವ ಅಯೋಡಿನ್-131 ಅರ್ಧವಾಗಲು 8 ದಿನ ಬೇಕು. ಅದರ ಪ್ರಮಾಣವೂ ಹೆಚ್ಚು. ಹೆಚ್ಚಿನ ಡೋಸ್ ಪಡೆದವರನ್ನು ಆಸ್ಪತ್ರೆಯಲ್ಲೇ ಪ್ರತ್ಯೇಕ ಕೋಣೆಯಲ್ಲಿ ಇರಿಸುತ್ತಾರೆ. ಮನೆಗೆ ಬಂದ ಮೇಲೂ ಕೆಲವು ದಿನ ಮಕ್ಕಳು, ಗರ್ಭಿಣಿಯರಿಂದ ದೂರ ಇರಲು ಹೇಳುತ್ತಾರೆ. ಫಾರ್ವರ್ಡ್‌ಗಳು ಈ ಎಚ್ಚರಿಕೆಯನ್ನು ತಂದು ಎಲ್ಲ ಸ್ಕ್ಯಾನ್‌ಗಳಿಗೂ ಅಂಟಿಸಿಬಿಡುತ್ತವೆ.

ಸೈನಿಕರ ಆಸ್ಪತ್ರೆಗೂ ಇದಕ್ಕೂ ನಂಟು

ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿರುವ ನಿವೃತ್ತ ಸೈನಿಕರ ಆಸ್ಪತ್ರೆಯಲ್ಲಿ 1947ರಲ್ಲಿ ಭೌತವಿಜ್ಞಾನಿ ರೋಸಲಿನ್ ಯಾಲೋ ವಿಕಿರಣಶೀಲ ವಸ್ತುಗಳ ಪ್ರಯೋಗಾಲಯ ಕಟ್ಟಲು ಶುರುಮಾಡಿದರು. 1950ರಲ್ಲಿ ಡಾ. ಸಾಲೊಮನ್ ಬರ್ಸನ್ ಜೊತೆಯಾದರು. ವಿಕಿರಣಶೀಲ ಅಯೋಡಿನ್ ಅಂಟಿಸಿದ ಇನ್ಸುಲಿನ್ ಮೇಲೆ ಅವರು ಮಾಡಿದ ಕೆಲಸದಿಂದ, ರಕ್ತದಲ್ಲಿ ಅತಿ ಸೂಕ್ಷ್ಮ ಪ್ರಮಾಣದಲ್ಲಿರುವ ಹಾರ್ಮೋನುಗಳನ್ನು ಅಳೆಯುವ ವಿಧಾನ ಸಿಕ್ಕಿತು. ಇಂದು ನಮ್ಮೂರಿನ ಲ್ಯಾಬ್‌ಗಳಲ್ಲೂ ಮಾಡುವ ಟಿಎಸ್‌ಎಚ್ ಪರೀಕ್ಷೆಯ ಮೂಲ ಆ ವಿಧಾನದಲ್ಲಿದೆ. ಬರ್ಸನ್ 1972ರಲ್ಲಿ ತೀರಿಕೊಂಡರು. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು.

ನಮ್ಮಲ್ಲಿ ನಿವೃತ್ತ ಸೈನಿಕರಿಗೆ 2003ರಿಂದ ಇಸಿಎಚ್‌ಎಸ್ ಆರೋಗ್ಯ ಯೋಜನೆ ಇದೆ. ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆಯಲ್ಲಿ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗವಿದೆ. ಸೇನೆಯಲ್ಲಿ ಬೋನ್ ಸ್ಕ್ಯಾನ್‌ಗೆ ಇನ್ನೊಂದು ಕೆಲಸವೂ ಉಂಟು. ಕವಾಯತು, ಓಟದಿಂದ ಕಾಲಿನ ಮೂಳೆಯಲ್ಲಿ ಬೀಳುವ ಸಣ್ಣ ಬಿರುಕು ಎಕ್ಸ್‌ರೇಯಲ್ಲಿ ಕಾಣದಿದ್ದರೂ ಇದರಲ್ಲಿ ಕಾಣಬಹುದು.

ಚಿತ್ರದಲ್ಲಿ ಕಪ್ಪು ಚುಕ್ಕೆ ಇದ್ದರೆ ಕ್ಯಾನ್ಸರ್ ಅಂತಲೇ?

ಅಲ್ಲ. ಸಂಧಿವಾತ, ಇತ್ತೀಚೆಗೆ ಬಿದ್ದ ಪೆಟ್ಟು, ಸೋಂಕು, ಮುರಿದು ಕೂಡುತ್ತಿರುವ ಮೂಳೆ ಎಲ್ಲವೂ ಕಪ್ಪಾಗಿ ಕಾಣಬಹುದು. ಇವುಗಳಲ್ಲಿ ಯಾವುದು ಯಾವುದು ಎಂದು ಬೇರ್ಪಡಿಸುವುದೇ ನ್ಯೂಕ್ಲಿಯರ್ ಮೆಡಿಸಿನ್ ವೈದ್ಯರ ಮುಖ್ಯ ಕೆಲಸ. ಹಾಗಾಗಿ ಹಿಂದೆ ಆದ ಗಾಯ, ಆಪರೇಷನ್, ನೋವು ಎಲ್ಲವನ್ನೂ ಅವರಿಗೆ ತಿಳಿಸಿ. ಹಳೆಯ ಎಕ್ಸ್‌ರೇ, ರಿಪೋರ್ಟ್ ಇದ್ದರೆ ಜೊತೆಗೆ ಒಯ್ಯಿರಿ. ಚಿತ್ರವನ್ನು ಮೊಬೈಲಿನಲ್ಲಿ ನೋಡಿ ನಾವೇ ತೀರ್ಮಾನ ಮಾಡುವುದು ಬೇಡ.

ಪಾಲಿಸಬೇಕಾದದ್ದು ಇಷ್ಟು

• ಗರ್ಭಿಣಿ ಆಗಿದ್ದರೆ, ಅನುಮಾನವಿದ್ದರೆ, ಎದೆಹಾಲು ಕೊಡುತ್ತಿದ್ದರೆ ಇಂಜೆಕ್ಷನ್‌ಗೆ ಮೊದಲೇ ಹೇಳಿ.
• ಆ ದಿನ ಹೆಚ್ಚು ನೀರು ಕುಡಿಯಿರಿ. ಶೌಚಾಲಯಕ್ಕೆ ಹೋದಾಗ ಚೆನ್ನಾಗಿ ನೀರು ಹಾಕಿ, ಕೈ ತೊಳೆಯಿರಿ. ಕಿಡ್ನಿ ಅಥವಾ ಹೃದಯದ ತೊಂದರೆಯಿಂದ ನೀರಿಗೆ ಮಿತಿ ಇದ್ದರೆ ವೈದ್ಯರನ್ನು ಕೇಳಿ.
• ಆ ದಿನ ಎಳೆ ಮಗುವನ್ನು ಬಹಳ ಹೊತ್ತು ಎತ್ತಿಕೊಂಡು ಕೂರಬೇಡಿ. ಆಸ್ಪತ್ರೆಯವರು ಬೇರೆ ಸೂಚನೆ ಕೊಟ್ಟಿದ್ದರೆ ಅದನ್ನೇ ಪಾಲಿಸಿ.
• ಒಂದೆರಡು ದಿನದಲ್ಲಿ ವಿಮಾನ ಹತ್ತುವುದಿದ್ದರೆ ಆಸ್ಪತ್ರೆಯಿಂದ ಪತ್ರ ಪಡೆದುಕೊಳ್ಳಿ. ಕೆಲವು ನಿಲ್ದಾಣಗಳ ವಿಕಿರಣ ಪತ್ತೆ ಯಂತ್ರ ಸದ್ದು ಮಾಡಬಹುದು.

ಬೋನ್ ಸ್ಕ್ಯಾನ್ ಮುಗಿಸಿದ ಅಜ್ಜ ಬಸ್ಸು ಹತ್ತಿ ಊರಿಗೆ ಬರಬಹುದು, ಮನೆಯವರ ಜೊತೆ ಕೂತು ಉಣ್ಣಬಹುದು. ಮಾರನೆಯ ದಿನ ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು. 'ತಿಂಗಳುಗಟ್ಟಲೆ' ಎನ್ನುವ ಫಾರ್ವರ್ಡ್ ನಿಮಗೂ ಬಂದರೆ ಮುಂದಕ್ಕೆ ಕಳಿಸಬೇಡಿ. ಬೋನ್ ಸ್ಕ್ಯಾನ್ ಮತ್ತು ಪೆಟ್ ಸ್ಕ್ಯಾನ್ ವಿಷಯದಲ್ಲಿ ಅದು ಸುಳ್ಳು.