ಓಡುವ ಕಾರನ್ನು ನಿಲ್ಲಿಸುವ ಬಗೆ

ಕಾರು ವೇಗವಾಗಿ ಓಡಿದರೆ ಜನ ಬೆರಗಾಗುತ್ತಾರೆ. ಅದು ಹೊತ್ತಿಗೆ ಸರಿಯಾಗಿ ನಿಂತರೆ ಯಾರೂ ಗಮನಿಸುವುದಿಲ್ಲ. ಇಂಗ್ಲೆಂಡಿನ ಪಂದ್ಯದ ಮೈದಾನಗಳಲ್ಲಿ ಹಳೆಯ ಮಾದರಿಯ ಪುಟ್ಟ ಕಾರುಗಳನ್ನು ಓಡಿಸುವ ಹವ್ಯಾಸಿಗಳಿಗಾದರೋ ಈ ಎರಡನೆಯದೇ ಪ್ರಾಣಪ್ರಶ್ನೆ.

ಇಂತಹ ಕಾರುಗಳಲ್ಲಿ ಹೆಸರಾದುದು ಲೋಟಸ್ ಸೆವೆನ್. ಕಾಲಿನ್ ಚಾಪ್‌ಮನ್ ಎಂಬ ಇಂಜಿನಿಯರು ಇದನ್ನು 1957ರಲ್ಲಿ ಹೊರತಂದರು. ಬಾಗಿಲಿಲ್ಲ, ಸೂರಿಲ್ಲ, ಭಾರ ಅರ್ಧ ಟನ್ನಿಗೂ ಕಡಮೆ. 1973ರಲ್ಲಿ ಇದರ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಯ ಪಾಲಾಯಿತು. ಹಳೆಯ ರೂಪವನ್ನು ಉಳಿಸಿಕೊಂಡು ಹೊಸ ಎಂಜಿನನ್ನು ಹೊತ್ತ ಕಾರುಗಳು ಅಂದಿನಿಂದ ಬರುತ್ತಲೇ ಇವೆ.

ಮೊದಲ ಸೆವೆನ್ನಿಗೆ ನಾಲ್ಕು ಚಕ್ರಗಳಲ್ಲೂ ಡ್ರಮ್ ಬ್ರೇಕುಗಳಿದ್ದವು. ಬ್ರೇಕಿನ ಕೆಲಸ ವೇಗವನ್ನು ಶಾಖವಾಗಿಸುವುದು. ಚಾಲಕನೂ ಸೇರಿ 600 ಕಿಲೋ ತೂಗುವ ಕಾರನ್ನು 160 ಕಿಲೋಮೀಟರು ವೇಗದಿಂದ ಒಮ್ಮೆ ನಿಲ್ಲಿಸಿದಾಗ ಹುಟ್ಟುವ ಶಾಖವು ಒಂದೂಮುಕ್ಕಾಲು ಲೀಟರು ತಣ್ಣೀರನ್ನು ಕುದಿಯುವ ಹದಕ್ಕೆ ತರಬಲ್ಲದು. ಸುತ್ತು ಸುತ್ತಿಗೂ, ತಿರುವು ತಿರುವಿಗೂ ಹೀಗೆ ಕಾದರೆ, ಮುಚ್ಚಿದ ಡ್ರಮ್ಮಿನೊಳಗಿನ ಬಿಸಿಗೆ ಹೊರದಾರಿಯಿಲ್ಲ; ಬ್ರೇಕು ಹಿಡಿತವನ್ನೇ ಕಳೆದುಕೊಳ್ಳುತ್ತದೆ. ಗಾಳಿಗೆ ತೆರೆದುಕೊಂಡ ಡಿಸ್ಕ್ ಬ್ರೇಕಿನ ಹೆಚ್ಚಳವಿರುವುದು ಇಲ್ಲಿಯೇ. 1953ರಲ್ಲಿ ಫ್ರಾನ್ಸಿನ ಲ ಮಾನ್ಸ್ ಪಂದ್ಯವನ್ನು ಜಾಗ್ವಾರ್ ಕಾರು ಗೆದ್ದಾಗ, ಇಪ್ಪತ್ತನಾಲ್ಕು ಗಂಟೆಗಳ ಓಟದಲ್ಲಿ ಗಂಟೆಗೆ ನೂರು ಮೈಲಿಗೂ ಮೀರಿದ ಸರಾಸರಿಯನ್ನು ಅಲ್ಲಿ ಮೊತ್ತಮೊದಲು ಸಾಧಿಸಿದಾಗ, ಅದರ ಚಕ್ರಗಳಲ್ಲಿದ್ದುದು ಡನ್‌ಲಪ್ ಡಿಸ್ಕುಗಳು.

ಹಾಗೆಂದು ದೊಡ್ಡ ಡಿಸ್ಕನ್ನು ಕೊಂಡು ಜೋಡಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಬ್ರೇಕು ನಿಲ್ಲಿಸುವುದು ಚಕ್ರವನ್ನು. ಕಾರನ್ನು ನಿಲ್ಲಿಸುವುದು ನೆಲವನ್ನು ಕಚ್ಚಿದ ಟೈರು. ಕಿರಿದಾದ ಹಳೆಯ ಟೈರಿನ ಮೇಲೆ ಬಲಿಷ್ಠ ಬ್ರೇಕನ್ನು ಒತ್ತಿದರೆ ಚಕ್ರ ಸ್ತಬ್ಧವಾಗುತ್ತದೆ, ಕಾರು ಜಾರುತ್ತಲೇ ಹೋಗುತ್ತದೆ. ಆದ್ದರಿಂದ ಬುದ್ಧಿವಂತನು ಮೊದಲು ಕೊಳ್ಳುವುದು ಮೃದು ರಬ್ಬರಿನ ಒಳ್ಳೆಯ ಟೈರುಗಳನ್ನು. ಅಲ್ಲಿಯೂ ಅತಿಯಾಸೆ ಸಲ್ಲದು. ಕಾರು ತೀರ ಹಗುರವಾದರೆ ಗಡುಸು ಟೈರು ಕಾಯುವುದೇ ಇಲ್ಲ, ಕಾಯದ ಟೈರು ಕಚ್ಚುವುದಿಲ್ಲ. ತೀರ ಅಗಲವಾದುದನ್ನು ಹಾಕಿದರೆ ಚಕ್ರದ ಬೇರಿಂಗುಗಳಿಗೆ ಹೊರೆ.

ಬ್ರೇಕಿನ ಸರದಿ ಆಮೇಲೆ. ಕಾರು ನಿಲ್ಲುವಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಮುಂಚಕ್ರಗಳಿಗೇ ಹೆಚ್ಚಿನ ಬಲ ಬೇಕು. ಹಿಂದಿನವು ಮೊದಲು ಬಿಗಿದುಕೊಂಡರೆ ಕಾರು ಬುಗುರಿಯಂತೆ ಸುತ್ತುತ್ತದೆ. ದೊಡ್ಡ ಡಿಸ್ಕು ಹದಿಮೂರು ಅಂಗುಲದ ಪುಟ್ಟ ಚಕ್ರದೊಳಗೆ ಹಿಡಿಸುವುದೇ ಎಂಬುದು ಬೇರೆ ತಾಪತ್ರಯ.

ಎಲ್ಲಕ್ಕಿಂತ ಅಗ್ಗವಾದುದೂ ಎಲ್ಲರೂ ಮರೆಯುವುದೂ ಒಂದುಂಟು: ಬ್ರೇಕ್ ಎಣ್ಣೆ. ಡಾಟ್ 4 ದರ್ಜೆಯ ಹೊಸ ದ್ರವವು 230 ಡಿಗ್ರಿ ಸೆಂಟಿಗ್ರೇಡಿನವರೆಗಾದರೂ ಕುದಿಯಬಾರದೆಂದು ನಿಯಮ. ಆದರೆ ಅದು ಗಾಳಿಯ ತೇವವನ್ನು ಹೀರುತ್ತದೆ. ಹಾಗೆ ನೀರು ಸೇರಿದ ದ್ರವಕ್ಕೆ ನಿಯಮವು ನಿಗದಿ ಮಾಡಿರುವ ಮಿತಿ 155 ಡಿಗ್ರಿ ಮಾತ್ರ. ಕುದಿದರೆ ಗುಳ್ಳೆಗಳೇಳುತ್ತವೆ, ಗುಳ್ಳೆ ಅದುಮಿಕೊಳ್ಳುತ್ತದೆ, ಚಾಲಕನ ಕಾಲು ಪೆಡಲಿನೊಡನೆ ತಳಕ್ಕಿಳಿಯುತ್ತದೆ, ಕಾರು ಮಾತ್ರ ಮುಂದೋಡುತ್ತದೆ.

ಓಟ ಮುಗಿದ ಮೇಲೂ ಅಪಾಯ ಮುಗಿಯದು. ನಿಂತ ಕಾರಿಗೆ ಗಾಳಿ ಬೀಸದು. ಡಿಸ್ಕಿನ ಬಿಸಿ ಮೆಲ್ಲಗೆ ದ್ರವಕ್ಕೆ ಇಳಿಯುತ್ತದೆ. ಅನುಭವಿಯಾದವನು ಕಡೆಯ ಸುತ್ತನ್ನು ಬ್ರೇಕಿಗೆ ಆದಷ್ಟೂ ಕಾಲು ತಾಗಿಸದೆ ನಿಧಾನವಾಗಿ ಸುತ್ತಿ ಬಂದು, ಕೈಬ್ರೇಕು ಎಳೆಯದೆ, ಚಕ್ರಕ್ಕೊಂದು ಅಡ್ಡಕಟ್ಟೆ ಕೊಟ್ಟು ಕೆಳಗಿಳಿಯುತ್ತಾನೆ.