ಚಾಮುಂಡಿ ಬೆಟ್ಟದ ತಾಲೀಮು ಲೇಹ್‌ಗೆ ಸಾಲದು

ನಂಜನಗೂಡಿನ ಹದಿನಾರು ಕಾಲು ಮಂಟಪದ ಬಳಿ ಬೆಳಗಿನ ಓಟ ಮುಗಿಸಿ ಕೂತಿದ್ದ ತಿ. ನರಸೀಪುರದ ಯುವಕನೊಬ್ಬ ಬೆರಳಿಗೆ ಸಿಕ್ಕಿಸಿದ್ದ, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರನ್ನು ನನ್ನತ್ತ ತಿರುಗಿಸಿದ: 98. ಮೊಬೈಲ್ ತೆಗೆದು ಒಂದು ಫೋಟೊ ತೋರಿಸಿದ. ಅದೇ ಬೆರಳು, ಅದೇ ಯಂತ್ರ, ಲೇಹ್‌ನ ಹೋಟೆಲ್ ಕೊಠಡಿ: 84. ‘ನಾಲೆ ಏರಿ ಮೇಲೆ ಹಾಫ್ ಮ್ಯಾರಥಾನ್ ದೂರ ಆರಾಮಾಗಿ ಓಡ್ತೀನಿ ಸಾರ್. ಅಲ್ಲಿ ಇಳಿದ ದಿನ ಮಹಡಿ ಮೆಟ್ಟಿಲು ಹತ್ತೋವಾಗ್ಲೇ ನಿಂತ್ಕೊಂಡೆ’ ಎಂದ. ಆ ಎರಡು ಅಂಕಿಗಳು ಇನ್ನೂ ನನ್ನನ್ನು ಬಿಟ್ಟಿಲ್ಲ.

ಅದೇ ಲೇಹ್‌ನಲ್ಲಿ ನಡೆಯುವ ಲಡಾಖ್ ಮ್ಯಾರಥಾನ್ 2012ರಲ್ಲಿ ಶುರುವಾದದ್ದು. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ನಮ್ಮ ನಂಜನಗೂಡು 650ರ ಆಸುಪಾಸು. ಗಾಳಿಯಲ್ಲಿ ಆಮ್ಲಜನಕದ ಪಾಲು ಎರಡೂ ಕಡೆ ಶೇ 21. ಆದರೆ ಲೇಹ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಮೂರನೇ ಒಂದರಷ್ಟು ಕಡಿಮೆ, ಪ್ರತಿ ಉಸಿರಿಗೂ ಆ ಕೊರತೆ.

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಳಿದು ಸಿದ್ಧರಾದೆವು ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಅದು ಕಾಲಿಗೆ ಒಳ್ಳೆಯದು, ಅಷ್ಟೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗುವುದು 2,500 ಮೀಟರ್ ಮೇಲೆ. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 2,000 ಮುಟ್ಟುವುದಿಲ್ಲ. ಗಟ್ಟಿಮುಟ್ಟಾದ ಓಟಗಾರನಿಗೂ ಈ ಕಾಯಿಲೆಯಿಂದ ವಿನಾಯಿತಿ ಇಲ್ಲ. ಕಾಲಲ್ಲಿ ಕಸುವಿದೆಯೆಂದು ಅವಸರ ಮಾಡುವವನಿಗೇ ಅಪಾಯ ಹೆಚ್ಚು.

ಆಕ್ಸಿಮೀಟರ್ ಹುಟ್ಟಿದ ಬಗೆಯೇ ಸೊಗಸು. ಜಪಾನಿನ ಎಂಜಿನಿಯರ್ ತಕುವೊ ಅಯೊಯಾಗಿ 1970ರ ದಶಕದ ಆರಂಭದಲ್ಲಿ ರಕ್ತಕ್ಕೆ ಬಣ್ಣ ಸೇರಿಸಿ, ಕಿವಿಯ ಮೇಲೆ ಬೆಳಕು ಹಾಯಿಸಿ, ಹೃದಯ ಎಷ್ಟು ರಕ್ತ ಪಂಪು ಮಾಡುತ್ತದೆಂದು ಅಳೆಯಲು ಹೊರಟಿದ್ದರು. ನಾಡಿಮಿಡಿತ ಪ್ರತಿ ಸಲ ಲೆಕ್ಕ ಕೆಡಿಸುತ್ತಿತ್ತು. ಅದನ್ನು ಅಳಿಸಲು ಹೆಣಗುತ್ತಲೇ, ಆ ಮಿಡಿತದಿಂದಲೇ ರಕ್ತದ ಆಮ್ಲಜನಕ ತಿಳಿಯಬಹುದೆಂದು ಕಂಡುಕೊಂಡರು. ಕೋವಿಡ್ ಕಾಲದಲ್ಲಿ ಅವರ ಯಂತ್ರ ನಮ್ಮ ಹಳ್ಳಿ ಮನೆಗಳಿಗೂ ಬಂತು. ಅವರು 2020ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಇಷ್ಟು ಮೆಚ್ಚಿಯೂ ಹೇಳುತ್ತೇನೆ, ಅಂಕಿಯೊಂದನ್ನೇ ನಂಬಬೇಡಿ. ಬೆರಳು ತಣ್ಣಗಿದ್ದರೂ ಅದು ತಪ್ಪುತ್ತದೆ. ಮೈ ಹೇಳುವುದನ್ನು ಮೊದಲು ಕೇಳಿ.

ವಿಮಾನದಲ್ಲಿ ಹೋಗುವವರು ಓಟಕ್ಕೆ ವಾರಕ್ಕೂ ಮೊದಲೇ ಲೇಹ್ ಸೇರಬೇಕು. ಮೊದಲೆರಡು ದಿನ ವಿಶ್ರಾಂತಿ, ಆಮೇಲೆ ನಡಿಗೆ, ನಂತರ ನಿಧಾನದ ಓಟ. ಮದ್ಯವೂ ನಿದ್ರೆಮಾತ್ರೆಯೂ ಬೇಡ. ರಕ್ತಹೀನತೆ, ಸಿಕಲ್ ಸೆಲ್, ಹೃದಯ ಅಥವಾ ಶ್ವಾಸಕೋಶದ ತೊಂದರೆ ಇದ್ದವರು ಹೆಸರು ನೋಂದಾಯಿಸುವ ಮೊದಲೇ ವೈದ್ಯರನ್ನು ಕಾಣಬೇಕು. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯನ್ನೂ ಅವರನ್ನು ಕೇಳಿಯೇ ನುಂಗಬೇಕು. ಊರಿನ ಓಟದ ವೇಗವನ್ನು ಅಲ್ಲಿ ಮರೆಯಬೇಕು.

ತಲೆನೋವಿನ ಜೊತೆ ವಾಕರಿಕೆ, ಊಟ ಸೇರದಿರುವುದು ಕಂಡರೆ ಇನ್ನೂ ಮೇಲಕ್ಕೆ ಹೋಗಬಾರದು, ಓಡಲೂಬಾರದು. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ತೂರಾಡುವ ನಡಿಗೆ ಇದ್ದರೆ ತಕ್ಷಣ ಆಮ್ಲಜನಕ, ಆಸ್ಪತ್ರೆ, ಕೆಳಗಿಳಿಯುವ ಏರ್ಪಾಡು. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಸಿ ನೋಡಿ. ತಪ್ಪಿದರೆ ಮಿದುಳಿಗೆ ಪೆಟ್ಟು ಬೀಳುತ್ತಿರಬಹುದು. ಹಾಗಾದವನಿಗೆ ತನ್ನ ಸ್ಥಿತಿ ತನಗೇ ತಿಳಿಯದು. ಆದ್ದರಿಂದ ನಮ್ಮ ತಾಲ್ಲೂಕುಗಳಿಂದ ಹೋಗುವವರು ಜೋಡಿಯಾಗಿ ಹೋಗಲಿ. ಜೊತೆಗಾರ ‘ಬೇಡ, ನಿಲ್ಲು’ ಎಂದರೆ ವಾದಿಸದೆ ನಿಲ್ಲುತ್ತೇನೆಂದು ಊರು ಬಿಡುವ ಮೊದಲೇ ಒಬ್ಬರಿಗೊಬ್ಬರು ಮಾತು ಕೊಡಲಿ.